ಅಪ್ಪ ಟಿವಿಯ ಜಡ್ಜ್ ಆಗಿದ್ದಾಗ

ಅಪ್ಪನನ್ನು ಟಿವಿಯವರು ಕರೆದದ್ದು ಅವರು ನಿವೃತ್ತರಾಗಿ ಕೆಲವು ವರ್ಷಗಳಾದ ಮೇಲೆ. ಕಾಸರಗೋಡಿನ ಕಡೆಯ ಕನ್ನಡ ಶಾಲೆಯಲ್ಲಿ ಓದಿದ ಅವರು ಕೇರಳದ ನ್ಯಾಯಾಂಗ ಸೇವೆಗೆ ಮುನ್ಸಿಫ್ ಆಗಿ ಸೇರಿ, ವರ್ಗವಾದಲ್ಲೆಲ್ಲ ಸಂಸಾರ ಹೊತ್ತು ತಿರುಗಿ, ಸಬ್ ಜಡ್ಜ್ ಆಗಿ ಕೆಲಸ ಮುಗಿಸಿದವರು. ಅಮ್ಮ ತೀರಿಕೊಂಡ ಮೇಲೆ ತಿರುವನಂತಪುರದಲ್ಲಿ ನಮ್ಮ ಜೊತೆಯೇ ಇದ್ದಾರೆ. ನನ್ನ ಗಂಡನಿಗೆ ತುಂಬ ಎಂಬ ಕಡಲತಡಿಯ ಊರಿನ ಬಾಹ್ಯಾಕಾಶ ಕೇಂದ್ರದಲ್ಲಿ ಕೆಲಸ. ಮನೆಯೂ ಅಲ್ಲೇ, ಸಮುದ್ರಕ್ಕೆ ನಡೆದು ಹೋಗುವಷ್ಟು ಹತ್ತಿರ. ನಾನು ಐಟಿ ಪಾರ್ಕಿನ ಒಂದು ಕಂಪನಿಗೆ ಮನೆಯಿಂದಲೇ ದುಡಿಯುತ್ತೇನೆ.

ನಿವೃತ್ತಿ ಅಪ್ಪನಿಗೆ ಒಗ್ಗಿರಲಿಲ್ಲ. ಎಲ್ಲಿಗೂ ಹೋಗುವುದಿಲ್ಲವೆಂದು ಗೊತ್ತಿದ್ದೂ ಬೆಳಗ್ಗೆ ತಿಂಡಿ ಮುಗಿಸಿ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ ಕೂರುತ್ತಿದ್ದರು. ಹಳೆಯ ಲಾ ರಿಪೋರ್ಟುಗಳನ್ನು ತೆರೆದು ಮೇಲಿನ ಕೋರ್ಟಿನವರ ತಪ್ಪು ಹುಡುಕುತ್ತಿದ್ದರು. ನನ್ನ ಮಗಳು ಗೆಳತಿಯ ಜೊತೆ ಬ್ಯಾಡ್ಮಿಂಟನ್ ರ್ಯಾಕೆಟ್ಟಿಗೆ ಜಗಳವಾಡಿದರೆ ಇಬ್ಬರನ್ನೂ ಎದುರು ನಿಲ್ಲಿಸಿಕೊಂಡು ವಿಚಾರಣೆ ಶುರು. ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಮಲಯಾಳದಲ್ಲಿ. ಅಜ್ಜ ಕನ್ನಡದಲ್ಲಿ ಪ್ರಶ್ನೆ ಕೇಳುವುದು, ಮೊಮ್ಮಗಳು ಮಲಯಾಳದಲ್ಲಿ ಸಾಕ್ಷಿ ನುಡಿಯುವುದು. ನಾನು ಅಡುಗೆಮನೆಯಿಂದ ಕೇಳಿ ನಗುತ್ತಿದ್ದೆ. ಆದರೆ ಮಕ್ಕಳು ಓಡಿಹೋದ ಮೇಲೆ ಅಪ್ಪ ಆ ಕುರ್ಚಿಯಲ್ಲೇ ಬಹಳ ಹೊತ್ತು ಕೂತಿರುವುದನ್ನು ನೋಡಿದರೆ ನಗು ನಿಂತುಹೋಗುತ್ತಿತ್ತು.

ಹಾಗಿರುವಾಗ ಕೊಚ್ಚಿಯ ಒಂದು ಚಾನೆಲ್ಲಿನಿಂದ ಫೋನ್ ಬಂತು. ಕುಟುಂಬದ ಜಗಳಗಳನ್ನು ಕೋರ್ಟಿನಂತೆ ಕಟ್ಟಿದ ಸೆಟ್ಟಿನಲ್ಲಿ ಕೂರಿಸಿ ಬಗೆಹರಿಸುವ ಕಾರ್ಯಕ್ರಮ ಅದು. ಅಲ್ಲಿಯವರೆಗೆ ಜಡ್ಜಿನ ಕುರ್ಚಿಯಲ್ಲಿ ಒಬ್ಬ ನಟಿ ಕೂರುತ್ತಿದ್ದರಂತೆ. ಅವರು ಬಿಟ್ಟುಹೋಗಿದ್ದರು, ಕಾರ್ಯಕ್ರಮ ನೋಡುವವರೂ ಕಡಿಮೆಯಾಗಿದ್ದರು. ಈಗ ನಿಜವಾದ ಜಡ್ಜ್ ಬೇಕು ಎಂದು ಕಾರ್ಯಕ್ರಮದ ನಿರ್ಮಾಪಕಿ ವಿವರಿಸಿದಳು. ಮೂವತ್ತರ ಆಸುಪಾಸಿನ ಹುಡುಗಿ, ದನಿಯಲ್ಲಿ ವಿನಯ.

ನನ್ನ ಗಂಡನಿಗೆ ಇಷ್ಟವಾಗಲಿಲ್ಲ. "ಮಾವ, ಅದೆಲ್ಲಾ ನಾಟ್ಕ. ನಿಮ್ಮಂಥವ್ರಿಗೆ ಯಾಕೆ?" ಎಂದರು.

"ನಾಟಕವೇ ಸರಿ," ಎಂದರು ಅಪ್ಪ. "ಆದರೆ ಅಲ್ಲಿಗೆ ಬರುವವರು ನಟರಲ್ಲವಲ್ಲ. ನನ್ನ ಎದುರು ಜೀವನಾಂಶಕ್ಕೆ ಅರ್ಜಿ ಹಾಕಿದವಳು ಆದೇಶ ಕೈಗೆ ಸಿಗುವ ಹೊತ್ತಿಗೆ ಅಜ್ಜಿ ಆಗಿದ್ದುಂಟು. ಇಲ್ಲಿ ಒಂದು ದಿವಸದಲ್ಲಿ ಇಬ್ಬರೂ ಒಬ್ಬರ ಮಾತು ಇನ್ನೊಬ್ಬರು ಕೇಳ್ತಾರೆ. ಅದರಲ್ಲಿ ಕೆಟ್ಟದ್ದು ಎಂತ ಉಂಟು?"

ಅಪ್ಪ ಮೂರು ಷರತ್ತು ಹಾಕಿದರು. ಮೇಜಿನ ಮೇಲೆ ಸುತ್ತಿಗೆ ಇರಬಾರದು, ನಮ್ಮ ದೇಶದ ಯಾವ ಕೋರ್ಟಿನಲ್ಲೂ ಜಡ್ಜ್ ಸುತ್ತಿಗೆ ಕುಟ್ಟುವುದಿಲ್ಲ, ತಾನು ಜೀವಮಾನದಲ್ಲಿ ಸುತ್ತಿಗೆ ಹಿಡಿದದ್ದು ಗೋಡೆಗೆ ಮೊಳೆ ಹೊಡೆಯಲಿಕ್ಕೆ ಮಾತ್ರ. ಮಕ್ಕಳನ್ನು ಕ್ಯಾಮೆರಾದ ಎದುರು ತರಬಾರದು. ತಾನು ಹೇಳುವುದನ್ನು ತೀರ್ಪು ಎನ್ನಬಾರದು, ಸಲಹೆ ಎನ್ನಬೇಕು. ನಿರ್ಮಾಪಕಿ ಮೂರಕ್ಕೂ ಒಪ್ಪಿದಳು.

ಸ್ಟುಡಿಯೋ ಇದ್ದದ್ದು ಕೊಚ್ಚಿಯ ಹೊರವಲಯದಲ್ಲಿ, ಏಲೂರಿನ ಕಾರ್ಖಾನೆಗಳ ಕಡೆಗೆ ಹೋಗುವ ರಸ್ತೆಯಲ್ಲಿ. ಹಿಂದೆ ಗೋದಾಮಾಗಿದ್ದ ಕಟ್ಟಡ. ಗಾಳಿ ಆ ಕಡೆಯಿಂದ ಬೀಸಿದರೆ ಮೂಗು ಸುಡುವ ವಾಸನೆ. ತಿಂಗಳಿಗೊಮ್ಮೆ ಕೆಲವು ದಿನ ಒಟ್ಟಿಗೆ ಚಿತ್ರೀಕರಣ. ಅಪ್ಪನಿಗೆ ಸಕ್ಕರೆ ಕಾಯಿಲೆ, ಒಂದು ಕಣ್ಣಿಗೆ ಆಗಷ್ಟೇ ಶಸ್ತ್ರಚಿಕಿತ್ಸೆ ಆಗಿತ್ತು. ಹಾಗಾಗಿ ನಾನೂ ಲ್ಯಾಪ್‌ಟಾಪ್ ಹಿಡಿದು ಜೊತೆಗೆ ರೈಲು ಹತ್ತುತ್ತಿದ್ದೆ. ಅಲ್ಲಿ ನನ್ನನ್ನು ಕೂರಿಸುತ್ತಿದ್ದದ್ದು ಕಂಟ್ರೋಲ್ ರೂಮಿನ ಹಿಂದಿನ ಕುರ್ಚಿಯಲ್ಲಿ. ಎದುರಿನ ಗೋಡೆಯ ತುಂಬ ಪರದೆಗಳು, ಪ್ರತಿ ಕ್ಯಾಮೆರಾಕ್ಕೆ ಒಂದು. ಆ ಕುರ್ಚಿಯಲ್ಲಿ ಕೂತು ನಾನು ಇಡೀ ವ್ಯವಹಾರ ಹೇಗೆ ನಡೆಯುತ್ತದೆಂದು ನೋಡಿದೆ.

ಕಾರ್ಯಕ್ರಮದ ನಂಬರನ್ನು ನೋಡಿ ತಾವಾಗಿ ಫೋನ್ ಮಾಡುವವರು ಕೆಲವರು. ಉಳಿದವರನ್ನು ಚಾನೆಲ್ಲಿನ ಹುಡುಗರು ಪೊಲೀಸ್ ಠಾಣೆಯ ಜಗಲಿಯಲ್ಲೋ ಕೋರ್ಟಿನ ಮೆಟ್ಟಿಲ ಮೇಲೋ ಮಾತಾಡಿಸಿ ಕರೆತರುತ್ತಿದ್ದರು. ಬಂದವರಿಂದ ಒಂದು ಒಪ್ಪಿಗೆ ಪತ್ರಕ್ಕೆ ಸಹಿ: ನಾವು ನಮ್ಮ ಇಷ್ಟದಿಂದ ಬಂದಿದ್ದೇವೆ, ಇಲ್ಲಿ ಹೇಳುವ ಪರಿಹಾರಕ್ಕೆ ಒಪ್ಪುತ್ತೇವೆ, ಚಿತ್ರವನ್ನು ಹೇಗೆ ಬೇಕಾದರೂ ಬಳಸಬಹುದು. ನಿಜವಾದ ಕೋರ್ಟಿನಲ್ಲಿ ಆ ಪರಿಹಾರಕ್ಕೆ ಕವಡೆ ಬೆಲೆಯೂ ಇಲ್ಲ. ಗಂಡನಿಗೆ ಒಂದು ಕೋಣೆ, ಹೆಂಡತಿಗೆ ಇನ್ನೊಂದು. ಬೆಳಗಿನಿಂದ ಅವರನ್ನು ಪರಸ್ಪರ ಕಾಣಗೊಡದೆ ಇಟ್ಟು, ಇವನು ಹೇಳಿದ್ದನ್ನು ಅವಳಿಗೂ ಅವಳು ಹೇಳಿದ್ದನ್ನು ಇವನಿಗೂ ಮುಟ್ಟಿಸಲಿಕ್ಕೇ ಒಬ್ಬ ಇದ್ದ. ಮಧ್ಯಾಹ್ನದ ಹೊತ್ತಿಗೆ ಇಬ್ಬರೂ ಕಾದ ಹಂಚಾಗಿರುತ್ತಿದ್ದರು. ಆಗ ಒಳಗೆ ಬಿಡುತ್ತಿದ್ದರು. ಪ್ರೇಕ್ಷಕರಾಗಿ ಕೂತವರು ದಿನಗೂಲಿಗೆ ಬಂದವರು. ಎಲ್ಲಿ ಹೌಹಾರಬೇಕು, ಎಲ್ಲಿ ಕಣ್ಣೊರೆಸಿಕೊಳ್ಳಬೇಕು ಎಂದು ಸನ್ನೆ ಮಾಡುವವನು ಕ್ಯಾಮೆರಾದ ಪಕ್ಕ ನಿಂತಿರುತ್ತಿದ್ದ.

ಅಪ್ಪನ ಕಿವಿಯಲ್ಲಿ ಚರ್ಮದ ಬಣ್ಣದ ಒಂದು ಸಣ್ಣ ಯಂತ್ರ. ಕಂಟ್ರೋಲ್ ರೂಮಿನಿಂದ ನಿರ್ಮಾಪಕಿ ಅದರಲ್ಲಿ ಮಾತಾಡುತ್ತಿದ್ದಳು. "ಸಾರೇ, ಆ ಪಕ್ಕದ ಮನೆಯವನ ವಿಷಯ ಕೇಳಿ." "ಸಾರೇ, ಈಗಲೇ ಸಮಾಧಾನ ಮಾಡಬೇಡಿ, ಇನ್ನೂ ಸ್ವಲ್ಪ ಹೊತ್ತು ಹೋಗಲಿ." ಅಪ್ಪ ಸಹನೆ ಇರುವವರೆಗೆ ಕೇಳಿ, ಆಮೇಲೆ ಅದನ್ನು ಕಿತ್ತು ಮೇಜಿನ ಮೇಲಿಡುತ್ತಿದ್ದರು. "ಸಾರ್ ಕಿವಿ ತೆಗೆದ್ರು," ಎಂದು ಹುಡುಗಿ ನಕ್ಕು ನೀರು ಕುಡಿಯುತ್ತಿದ್ದಳು. ಅವಳು ಕೆಟ್ಟವಳಾಗಿರಲಿಲ್ಲ. ಅಪ್ಪನಿಗೆ ಸಕ್ಕರೆಯಿಲ್ಲದ ಚಹಾ ತಾನೇ ತಂದುಕೊಡುತ್ತಿದ್ದಳು, ಊಟ ತಡವಾದರೆ ಚಡಪಡಿಸುತ್ತಿದ್ದಳು.

ದಿನದ ಕೊನೆಗೆ ಇನ್ನೊಂದು ಕೆಲಸವಿತ್ತು. ಎಲ್ಲರೂ ಹೋದ ಮೇಲೆ ಅಪ್ಪನೊಬ್ಬರೇ ಪೀಠದಲ್ಲಿ ಕೂರಬೇಕು. ಎದುರು ಖಾಲಿ ಕಟಕಟೆ. ನಿರ್ದೇಶಕ ಕೂಗುವನು: "ಸಾರ್, ಗಮನ ಕೊಟ್ಟು ಕೇಳುತ್ತಿದ್ದೀರಿ... ಈಗ ಆಶ್ಚರ್ಯ... ಈಗ ಸಿಟ್ಟು... ಈಗ ನಿಧಾನಕ್ಕೆ ತಲೆ ಅಲ್ಲಾಡಿಸಿ, ಇದನ್ನು ನಂಬಲಾರೆ ಅನ್ನುವ ಹಾಗೆ." ಮೊದಲ ದಿನ ಅಪ್ಪ ಇದೆಂತಕ್ಕೆ ಎಂದು ಕೇಳಿದರು. ಮಾತು ಕತ್ತರಿಸಿದ ಕಡೆ ಹೊಲಿಗೆ ಕಾಣದ ಹಾಗೆ ಹಾಕುವ ತೇಪೆ ಇದು, ಎಲ್ಲ ಕಾರ್ಯಕ್ರಮದಲ್ಲೂ ಮಾಡುತ್ತಾರೆ ಎಂದು ಅವನು ತಿಳಿಸಿ ಹೇಳಿದ. ಅಪ್ಪ ಒಪ್ಪಿದರು. ತಾನು ಒಳ್ಳೆಯ ನಟ ಅಲ್ಲವೆಂದು ಹೋಟೆಲ್ಲಿನಲ್ಲಿ ನನ್ನ ಹತ್ತಿರ ನಾಚಿಕೊಂಡೂ ಹೇಳಿದರು.

ಕಾರ್ಯಕ್ರಮ ಪ್ರಸಾರವಾದಾಗ ಮನೆಯಲ್ಲಿ ಒಟ್ಟಿಗೆ ನೋಡಿದೆವು. ಪರದೆಯಲ್ಲಿ ಅಪ್ಪ ಮಾತು ಮುಗಿಸುತ್ತಿದ್ದ ಹಾಗೆ ಠಣ್ ಠಣ್ ಎಂದು ಸುತ್ತಿಗೆಯ ಸದ್ದು. ಮೇಜಿನ ಮೇಲೆ ಸುತ್ತಿಗೆ ಇರಲಿಲ್ಲ, ಸದ್ದನ್ನು ಆಮೇಲೆ ಸೇರಿಸಿದ್ದರು. ಕೆಳಗೆ ದೊಡ್ಡ ಅಕ್ಷರಗಳಲ್ಲಿ 'ತೀರ್ಪು' ಎಂದೂ ಬಂತು. ಅಪ್ಪ ಫೋನ್ ಮಾಡಿ ಆಕ್ಷೇಪಿಸಿದರು. ಮುಂದಿನ ಸಲ ಸರಿಪಡಿಸುತ್ತೇವೆ ಎಂದರು. ಮುಂದಿನ ಸಲವೂ ಠಣ್ ಎಂದಿತು.

ಅಪ್ಪ ಕಾರ್ಯಕ್ರಮ ಬಿಡಲಿಲ್ಲ. ಬಿಡಲಿಲ್ಲ ಯಾಕೆಂದರೆ ಅವರಿಗೆ ಅದು ಸೇರತೊಡಗಿತ್ತು. ತುಂಬದ ದಂಡೆಯಲ್ಲಿ ಸಂಜೆ ನಡೆಯಲು ಹೋದರೆ ಬಲೆ ಸರಿಮಾಡುತ್ತ ಕೂತವರು ಎದ್ದು ನಿಲ್ಲುತ್ತಿದ್ದರು. ನಮ್ಮ ಗೇಟಿಗೆ ಮೀನು ತರುವ ಹೆಂಗಸು ಅತ್ತೆಯ ಮನೆಯ ಜಾಗದ ತಕರಾರನ್ನು ಜಡ್ಜಿ ಸಾರಿನ ಎದುರು ಬುಟ್ಟಿ ಇಳಿಸಿಯೇ ಹೇಳಿಕೊಂಡಳು. ಅಪ್ಪ ಅವಳನ್ನು ಜಗಲಿಯಲ್ಲಿ ಕೂರಿಸಿ ಮಧ್ಯಾಹ್ನವಿಡೀ ಕೇಳಿದರು. ಬಿಳಿ ಅಂಗಿಗೆ ಮತ್ತೆ ಅರ್ಥ ಬಂದಿತ್ತು. ಕಾರ್ಯಕ್ರಮದಲ್ಲಿ ಕೆಲವರಿಗಾದರೂ ಅಪ್ಪನಿಂದ ಒಳ್ಳೆಯದಾಯಿತು, ಅದನ್ನೂ ಹೇಳಬೇಕು. ಒಬ್ಬ ಮಗ ತಾನು ಬಿಟ್ಟುಹೋಗಿದ್ದ ತಾಯಿಯನ್ನು ಮನೆಗೆ ಕರೆದೊಯ್ದ. ಅವಳನ್ನು ಅವನು ಚೆನ್ನಾಗಿಯೇ ನೋಡಿಕೊಳ್ಳುತ್ತಿದ್ದಾನೆಂದು ಆಮೇಲೂ ತಿಳಿದುಬಂತು.

ಒಂದು ದಿನ ನಿರ್ಮಾಪಕಿ ಬಹಳ ಉತ್ಸಾಹದಿಂದ ಬಂದಳು. "ಸಾರೇ, ನಾಳೆಯದು ನಿಮ್ಮ ಭಾಷೆಯವರು!"

ರಾಯಚೂರು ಕಡೆಯ ಗಂಡ ಹೆಂಡತಿ. ಗಂಡನಿಗೆ ಏಲೂರಿನ ಕಾರ್ಖಾನೆಗಳಲ್ಲಿ ಪೈಪುಗಳಿಗೆ ಬಣ್ಣ ಬಳಿಯುವ ಗುತ್ತಿಗೆ ಕೆಲಸ. ಹೆಂಡತಿ ಒಂದು ಲೇಡೀಸ್ ಹಾಸ್ಟೆಲ್ಲಿನ ಅಡುಗೆಮನೆಯಲ್ಲಿ ದುಡಿಯುತ್ತಿದ್ದಳು. ಅವರಿಗೊಬ್ಬ ಮಗ, ಶಾಲೆಗೆ ಸೇರುವ ವಯಸ್ಸು. ಆ ಮಗ ತನ್ನವನಲ್ಲ, ಹಾಸ್ಟೆಲ್ಲಿನ ಸೂಪರ್‌ವೈಸರನದು ಎಂದು ಗಂಡನ ಗುಮಾನಿ. ಡಿಎನ್‌ಎ ಪರೀಕ್ಷೆ ಮಾಡಿಸಿ ಎಂದು ಅವನೇ ಕಾರ್ಯಕ್ರಮಕ್ಕೆ ಫೋನ್ ಮಾಡಿದ್ದ. ಹೆಂಡತಿ ಮೊದಲು ಬರಲು ಒಪ್ಪಿರಲಿಲ್ಲವಂತೆ. ಜಡ್ಜ್ ಕನ್ನಡದವರು ಎಂದ ಮೇಲೆ ಒಪ್ಪಿದಳಂತೆ.

ಅವಳನ್ನು ಒಳಗೆ ತಂದಾಗ ನಾನು ಪರದೆಯಲ್ಲಿ ನೋಡಿದೆ. ಸಣ್ಣ ಮೈಕಟ್ಟು, ಹಳದಿ ಸೀರೆ. ಏರ್‌ಕಂಡೀಷನರಿನ ಚಳಿಗೆ ಸೆರಗನ್ನು ಎರಡೂ ಭುಜಕ್ಕೆ ಸುತ್ತಿಕೊಂಡಿದ್ದಳು. ಗಂಡ ಆಗಲೇ ಕೂಗಾಡಿ ಮುಗಿಸಿದ್ದ.

"ಹೆದರಬೇಡ," ಎಂದರು ಅಪ್ಪ ಕನ್ನಡದಲ್ಲಿ. "ನಿನಗೆ ಹೇಳ್ಲಿಕ್ಕೆ ಇರುವುದನ್ನು ಹೇಳು. ಅವಸರ ಇಲ್ಲ."

ಅವಳ ಮುಖದಲ್ಲಾದ ಬದಲಾವಣೆ ಎಲ್ಲ ಪರದೆಗಳಲ್ಲೂ ಒಟ್ಟಿಗೆ ಕಂಡಿತು. ಬಹಳ ದಿನ ಮೂಕಿಯಾಗಿದ್ದವಳಿಗೆ ಬಾಯಿ ಬಂದ ಹಾಗೆ. "ಸಾಹೇಬ್ರ, ನಾ ಏನೂ ತಪ್ಪ್ ಮಾಡಿಲ್ರಿ," ಎಂದು ಶುರುಮಾಡಿದಳು. "ಬೆಳಿಗ್ಗಿ ಎದ್ದು ಹಾಸ್ಟೆಲ್‌ಗೆ ಹೋಕ್ಕೀನಿ, ಚಪಾತಿ ಲಟ್ಟಸ್ತೀನಿ, ಮನಿಗೆ ಬರ್ತೀನಿ. ಇಷ್ಟ ನನ್ನ ಬಾಳೇವು. ಇಲ್ಲಿ ಮಂದೀ ಜೋಡಿ ಮಾತಾಡಾಕ ನಂಗ ಭಾಷೇನ ಬರಂಗಿಲ್ಲ. ಮಗ ಅವನ್ದ ರೀ. ಆ ಕೂಸಿನ ಮ್ಯಾಲ ಕೈ ಇಟ್ಟು ಹೇಳ್ತೀನಿ."

ನಿರ್ಮಾಪಕಿ ಮೈಕಿನಲ್ಲಿ ಹೇಳುತ್ತಿದ್ದಳು: "ಸಾರೇ, ಸೂಪರ್‌ವೈಸರ್ ಬಗ್ಗೆ, ಸೂಪರ್‌ವೈಸರ್ ಬಗ್ಗೆ."

ಅಪ್ಪ ಕಿವಿಯಿಂದ ಯಂತ್ರ ತೆಗೆದರು. ಮುಂದಕ್ಕೆ ಬಾಗಿ ಗಂಡನತ್ತ ತಿರುಗಿದರು. "ನೀನು ಹೇಳಿದ್ದಕ್ಕೆ ಒಂದಾದರೂ ಆಧಾರ ಉಂಟಾ? ಯಾರಾದರೂ ಕಂಡದ್ದುಂಟಾ?"

"ಮಂದಿ ಹೇಳ್ತಾರ್ರೀ."

"ಮಂದಿ ಯಾರು? ಒಬ್ಬನ ಹೆಸರು ಹೇಳು."

ಅವನು ಹೇಳಲಿಲ್ಲ. ಅಪ್ಪ ಅವನನ್ನು ಚೆನ್ನಾಗಿ ಬೈದರು. ಮಗುವಿನ ಹುಟ್ಟಿನ ಬಗ್ಗೆ ಟಿವಿಯಲ್ಲಿ ಪರೀಕ್ಷೆ ನಡೆಸುವುದು ಅನಾಗರಿಕ ಕೆಲಸ, ಸಂಶಯವೇ ಇದ್ದರೆ ಫ್ಯಾಮಿಲಿ ಕೋರ್ಟಿಗೆ ಹೋಗು, ಅದಕ್ಕೂ ಮೊದಲು ಹೆಂಡತಿಯ ಕ್ಷಮೆ ಕೇಳು ಎಂದರು. ಅವಳು ಹೊರಗೆ ಹೋಗುವಾಗ ಅಪ್ಪನ ಕಡೆ ಕೈಮುಗಿದಳು. ಕಂಟ್ರೋಲ್ ರೂಮಿನಲ್ಲಿ "ಕ್ಲೈಮ್ಯಾಕ್ಸೇ ಇಲ್ವಲ್ಲ," ಎಂದ ನಿರ್ದೇಶಕ, ಯಾರಿಗೂ ಅಲ್ಲ ಎಂಬಂತೆ.

ಕೆಲವು ವಾರಗಳ ಮೇಲೆ ಅದು ಪ್ರಸಾರವಾಯಿತು. ನಾವು ಅಂದು ಟಿವಿ ಹಾಕಿರಲಿಲ್ಲ. ಮರುದಿನ ನನ್ನ ಮಗಳು ಶಾಲೆಯಿಂದ ಬಂದವಳೇ ಚೀಲವನ್ನೂ ಇಳಿಸದೆ ಫೋನ್ ಹಿಡಿದು ಅಪ್ಪನ ಎದುರು ನಿಂತಳು. "ಅಜ್ಜಾ, ಇದು ಕಂಡೋ?"

ಒಂದು ಸಣ್ಣ ತುಣುಕು. ಎಲ್ಲರ ಫೋನಿನಲ್ಲೂ ಓಡಾಡುತ್ತಿತ್ತು. ಆ ಹೆಂಗಸು ಕೈಯೆತ್ತಿ "ಮಗ ಅವನ್ದ ರೀ, ಆ ಕೂಸಿನ ಮ್ಯಾಲ ಕೈ ಇಟ್ಟು ಹೇಳ್ತೀನಿ" ಎನ್ನುತ್ತಾಳೆ. ಕೆಳಗೆ ಮಲಯಾಳದಲ್ಲಿ ಅದರ ಅರ್ಥ. ಕೂಡಲೇ ಅಪ್ಪನ ಮುಖ. ಅಪ್ಪ ಕಣ್ಣು ಅರೆಮುಚ್ಚಿ ನಿಧಾನಕ್ಕೆ ತಲೆ ಅಲ್ಲಾಡಿಸುತ್ತಾರೆ, ನಂಬಲಾರೆ ಅನ್ನುವ ಹಾಗೆ. ಪ್ರೇಕ್ಷಕರಲ್ಲಿ ಒಬ್ಬಳು ಬಾಯಿಗೆ ಕೈ ಇಡುತ್ತಾಳೆ. ಆಮೇಲೆ ಅಪ್ಪನ ದನಿ: "ಫ್ಯಾಮಿಲಿ ಕೋರ್ಟಿಗೆ ಹೋಗು." ಠಣ್. ಬೈದದ್ದು, ಆಧಾರ ಕೇಳಿದ್ದು, ಕ್ಷಮೆ ಕೇಳು ಎಂದದ್ದು ಯಾವುದೂ ಇಲ್ಲ. ಅದರ ಮೇಲೆ ಯಾರೋ ಹಾಸ್ಯದ ಸಂಗೀತ ಹಾಕಿದ್ದರು.

ಅಪ್ಪ ಮತ್ತೊಮ್ಮೆ ತೋರಿಸಲು ಹೇಳಿದರು. ಇನ್ನೊಮ್ಮೆ. ಆಮೇಲೆ ಎದ್ದು ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಬಂದರು.

ಚಾನೆಲ್ಲಿಗೆ ಫೋನ್ ಮಾಡಿದಾಗ ನಿರ್ಮಾಪಕಿ ತಪ್ಪಾಯಿತು ಎಂದಳು, ಎಡಿಟಿಂಗ್ ಬೇರೆ ವಿಭಾಗ ಎಂದಳು, ಈ ಕಾರ್ಯಕ್ರಮವನ್ನು ಇಷ್ಟು ಜನ ಹಿಂದೆಂದೂ ನೋಡಿರಲಿಲ್ಲ ಎಂದೂ ಬಾಯಿತಪ್ಪಿ ಹೇಳಿದಳು. ತುಣುಕನ್ನು ತೆಗೆಸಿ ಎಂದರೆ ಅದು ಈಗ ತಮ್ಮ ಕೈಯಲ್ಲಿಲ್ಲ ಎಂದಳು. ಅಪ್ಪ ಅಂದೇ ಕಾರ್ಯಕ್ರಮ ಬಿಟ್ಟರು. ಕರಾರಿನ ಅವಧಿ ಇನ್ನೂ ಇದೆಯೆಂದು ಚಾನೆಲ್ಲಿನ ವಕೀಲರು ನೋಟೀಸು ಕಳಿಸಿದರು, ಆಮೇಲೆ ಸುಮ್ಮನಾದರು. ಅಪ್ಪನ ಜಾಗಕ್ಕೆ ಬೇಗನೇ ಒಬ್ಬ ನಟ ಬಂದ.

ಮೀನಿನ ಹೆಂಗಸು ಬುಟ್ಟಿ ಇಳಿಸುತ್ತ ಅಪ್ಪನಿಗೆ ಹೇಳಿದಳು, "ಸಾರೇ, ಆ ಪೆಣ್ಣು ಸುಳ್ಳು ಹೇಳುತ್ತಿದ್ದದ್ದು ನಿಮಗೆ ಹೇಗೆ ತಕ್ಷಣ ಗೊತ್ತಾಯ್ತು!" ಅವಳಿಗೆ ಮೆಚ್ಚುಗೆ. ಅಪ್ಪ ಎದ್ದು ಒಳಗೆ ಬಂದರು. ಆಮೇಲೆ ದಂಡೆಗೆ ನಡೆಯಲು ಹೋಗುವುದನ್ನೂ ನಿಲ್ಲಿಸಿದರು.

ರಾಯಚೂರು ಕಡೆಯ ಆ ಹೆಂಗಸು ನಮ್ಮ ಮನೆಗೆ ಬಂದದ್ದು ಮಳೆಗಾಲ ಶುರುವಾದ ಮೇಲೆ. ಟಿವಿಯ ಜಡ್ಜಿನ ಮನೆ ಎಲ್ಲಿ ಎಂದು ಕೇಳಿದರೆ ತುಂಬದ ಯಾವ ಆಟೋದವನಾದರೂ ತೋರಿಸುತ್ತಿದ್ದ. ಮಗನ ಕೈಹಿಡಿದು ಗೇಟಿನ ಹೊರಗೆ ನಿಂತಿದ್ದಳು. ನಾನು ಒಳಗೆ ಕರೆದೆ. ಕುರ್ಚಿ ಕೊಟ್ಟರೂ ಕೂರಲಿಲ್ಲ.

ಅವಳು ಹೇಳಿದ್ದು ಇಷ್ಟು. ಗಂಡ ಕೈಬಿಟ್ಟ. ಹಾಸ್ಟೆಲ್ಲಿನವರು ಕೆಲಸದಿಂದ ತೆಗೆದರು. ಬಾಡಿಗೆಯ ಕೋಣೆಯವರು ಬೇರೆ ಕಡೆ ನೋಡಿಕೋ ಎಂದರು. ಊರಿನ ಅಣ್ಣ ತುಣುಕು ನೋಡಿ, ನನಗೆ ತಂಗಿಯೇ ಇಲ್ಲ ಎಂದ. ಅವಳ ಊರಿನ ಕಡೆಯವಳೊಬ್ಬಳು ತಿರುವನಂತಪುರದ ಚಾಲೈ ಪೇಟೆಯಲ್ಲಿ ಸಗಟು ಅಂಗಡಿಗೆ ಈರುಳ್ಳಿ ಆರಿಸುವ ಕೆಲಸದಲ್ಲಿದ್ದಳು. ಈಗ ಇವಳೂ ಅವಳ ಜೊತೆ ಅಲ್ಲೇ ಕೂತು ಆರಿಸುತ್ತಾಳೆ, ಮಗ ಚೀಲಗಳ ಮೇಲೆ ಮಲಗುತ್ತಾನೆ.

ಅಪ್ಪ ಅಷ್ಟೂ ಹೊತ್ತು ನಿಂತೇ ಕೇಳಿದರು.

"ನಾ ಜಗಳಕ್ಕ ಬಂದಿಲ್ರಿ ಸಾಹೇಬ್ರ," ಎಂದಳು. "ಒಂದ ಮಾತು ಕೇಳಾಕ ಬಂದೀನಿ. ಅವತ್ತ ನಮ್ಮೆದುರಿಗೆ ಅವನ್ನ ಬೈದ್ರಿ. ನಾವ್ ಹ್ವಾದ ಮ್ಯಾಲ ಟಿವಿಯೊಳಗ ತಲಿ ಅಲ್ಲಾಡ್ಸಿದ್ರಿ. ನೀವ್ ನನ್ನ ನಂಬಿದ್ರೋ, ಇಲ್ಲೋ?"

"ನಂಬಿದ್ದೆ," ಎಂದರು ಅಪ್ಪ. "ಆ ತಲೆ ಅಲ್ಲಾಡಿಸಿದ್ದು ನಿನಗಲ್ಲ ಮಗಾ. ಅದನ್ನು ಬೇರೆ ತೆಗೆದು ಅಲ್ಲಿ ಅಂಟಿಸಿದ್ದು."

ಅದು ಹೇಗೆಂದು ಅಪ್ಪ ವಿವರಿಸಲು ನೋಡಿದರು. ಕತ್ತರಿ, ತೇಪೆ, ಖಾಲಿ ಕಟಕಟೆ. ಅವಳು ಕೇಳಿಸಿಕೊಂಡಳು. "ಹಂಗಾದ್ರ ನೀವ್ ಯಾರ ಮುಂದ ಅಲ್ಲಾಡ್ಸಿದ್ರಿ?" ಎಂದಳು. ನಾನು ಮಗುವಿಗೆ ದೋಸೆ ಹಾಕಿಕೊಟ್ಟೆ. ಅವನು ತಿನ್ನುತ್ತ ನನ್ನ ಮಗಳ ಬಣ್ಣದ ಪೆನ್ಸಿಲುಗಳನ್ನು ನೋಡುತ್ತಿದ್ದ, ಮುಟ್ಟಲಿಲ್ಲ.

ಅಪ್ಪ ಆಮೇಲೆ ಮಾಡಬೇಕಾದದ್ದನ್ನೆಲ್ಲ ಮಾಡಿದರು. ಪರಿಚಯದ ವಕೀಲೆಯೊಬ್ಬರನ್ನು ಹಿಡಿದು ಎರ್ನಾಕುಲಂನ ಫ್ಯಾಮಿಲಿ ಕೋರ್ಟಿನಲ್ಲಿ ಅವಳ ಪರವಾಗಿ ಜೀವನಾಂಶಕ್ಕೆ ಅರ್ಜಿ ಹಾಕಿಸಿದರು. ಗಂಡನ ಕಡೆಯ ವಕೀಲ ಬಂದವನೇ ಆ ತುಣುಕನ್ನು ತೋರಿಸಿ, ಒಬ್ಬ ನಿವೃತ್ತ ನ್ಯಾಯಾಧೀಶರೇ ಇವಳನ್ನು ನಂಬಲಿಲ್ಲ ಎಂದ. ಹಾಗಾಗಿ ಅಪ್ಪ ಸಾಕ್ಷಿ ಹೇಳಬೇಕಾಯಿತು. ಜೀವಮಾನವೆಲ್ಲ ಎತ್ತರದ ಪೀಠದಿಂದ ಕಟಕಟೆಯನ್ನು ನೋಡಿದವರು ಅಂದು ಅದರೊಳಗೆ ನಿಂತರು. ಪೀಠದಲ್ಲಿದ್ದ ನ್ಯಾಯಾಧೀಶೆ ಒಂದು ಕಾಲದಲ್ಲಿ ಅಪ್ಪನ ಎದುರು ವಾದ ಮಾಡಿದ್ದ ವಕೀಲೆ. ಕುರ್ಚಿ ತರಿಸಲು ಹೇಳಿದರು. ಅಪ್ಪ ಬೇಡ ಎಂದರು.

"ಇದರಲ್ಲಿ ತಲೆ ಅಲ್ಲಾಡಿಸುತ್ತಿರುವವರು ನೀವೇ ತಾನೆ?" ಎಂದ ಗಂಡನ ವಕೀಲ.

"ನಾನೇ."

"ಇವಳ ಮಾತಿಗೆ ಅಲ್ಲ ಎನ್ನುತ್ತೀರಿ. ಹಾಗಾದರೆ ಯಾರ ಮಾತಿಗೆ?"

"ಯಾರ ಮಾತಿಗೂ ಅಲ್ಲ. ಎದುರು ಯಾರೂ ಇರಲಿಲ್ಲ."

"ಅಂದರೆ ನ್ಯಾಯಾಧೀಶರಾಗಿದ್ದವರು ಖಾಲಿ ಕೋಣೆಯಲ್ಲಿ ನ್ಯಾಯಾಧೀಶರ ಹಾಗೆ ಅಭಿನಯಿಸಿದಿರಿ."

"ಹೌದು," ಎಂದರು ಅಪ್ಪ. "ಅದನ್ನು ಹಾಗೆಯೇ ಬರೆದುಕೊಳ್ಳಿ."

ನ್ಯಾಯಾಧೀಶೆ ಆ ತುಣುಕನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಗಂಡ ಮತ್ತೆ ಪರೀಕ್ಷೆ ಕೇಳಿದ. ನಮ್ಮ ವಕೀಲೆ ವಿರೋಧಿಸಲು ಎದ್ದರು, ಆದರೆ ಆ ಹೆಂಗಸು ಅವರ ಕರಿ ಕೋಟಿನ ತೋಳು ಹಿಡಿದು ಎಳೆದಳು. "ಮಾಡ್ಸ್ರಿ ಅಕ್ಕಾವ್ರ. ಒಮ್ಮೆ ಮುಗದ್ ಹೋಗ್ಲಿ." ಕೋರ್ಟು ಆದೇಶ ಕೊಟ್ಟಿತು. ತಿಂಗಳುಗಳ ಮೇಲೆ ಫಲಿತಾಂಶ ಬಂತು. ಮಗ ಅವನದೇ.

ನಾನು ಖುಷಿಯಿಂದ ಅವಳ ಕೈ ಹಿಡಿದುಕೊಂಡೆ. "ನಂಗ್ ಗೊತ್ತಿತ್ತಲ್ರೀ," ಎಂದಳು. ಅವಳಿಗೆ ಅದು ಸುದ್ದಿಯೇ ಆಗಿರಲಿಲ್ಲ.

ಸುದ್ದಿಯಾದದ್ದು ಗಂಡನಿಗೆ. ಕೋರ್ಟಿನ ಕಾರಿಡಾರಿನಲ್ಲಿ ಅಲ್ಲಿಯವರೆಗೆ ಮಗನತ್ತ ತಿರುಗಿಯೂ ನೋಡದಿದ್ದವನು ಮುಂದಿನ ಸಲ ಆಟಿಕೆಯ ಲಾರಿ ಹಿಡಿದುಕೊಂಡು ಬಂದ. ಮಗನನ್ನು ಎತ್ತಿಕೊಂಡು ಅತ್ತಿತ್ತ ಓಡಾಡಿದ. ಅವನ ತಾಯಿಯೂ ಊರಿನಿಂದ ಬಂದಿದ್ದಳು. ನಮ್ಮ ಮನೆತನದ ಕೂಸು, ಈರುಳ್ಳಿ ಚೀಲದ ಮೇಲೆ ಯಾಕೆ ಮಲಗಬೇಕು ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ಕೋರ್ಟು ಜೀವನಾಂಶ ಕೊಡಲು ಆದೇಶಿಸಿತು, ಮಗ ತಾಯಿಯ ಹತ್ತಿರವೇ ಇರಲಿ ಎಂದಿತು, ತಂದೆ ಭಾನುವಾರಗಳಲ್ಲಿ ಕರೆದೊಯ್ಯಬಹುದು ಎಂದಿತು. ನ್ಯಾಯವಾದ ಆದೇಶ. ಅಪ್ಪ ಓದಿ, ತಾನಾಗಿದ್ದರೂ ಇದನ್ನೇ ಬರೆಯುತ್ತಿದ್ದೆ ಎಂದರು.

ಬೇಸಗೆಯ ಒಂದು ಭಾನುವಾರ ಅವನು ಮಗನನ್ನು ಕರೆದೊಯ್ದವನು ವಾಪಸು ಬಿಡಲಿಲ್ಲ. ಮರುದಿನ ತಿಳಿದದ್ದು, ಮಗನೊಂದಿಗೆ ರೈಲು ಹತ್ತಿ ಊರಿಗೆ ಹೋಗಿದ್ದಾನೆಂದು.

ಅವಳು ನಮ್ಮ ಮನೆಗೆ ಓಡಿ ಬಂದಳು. ಅಪ್ಪ ಅಂದೇ ಅರ್ಜಿ ತಯಾರುಮಾಡಿದರು. ಆದರೆ ಕೋರ್ಟಿಗೆ ಬೇಸಗೆಯ ರಜೆ. ರಜೆಯಲ್ಲಿ ಕೂರುವ ನ್ಯಾಯಾಧೀಶರ ಮುಂದೆ ಹಾಕಿದರೆ ನೋಟೀಸು ಕಳಿಸಲು ಹೇಳಿ ಮುಂದಿನ ದಿನಾಂಕ ಕೊಟ್ಟರು. ಬೇರೆ ರಾಜ್ಯದ ಹಳ್ಳಿಗೆ ನೋಟೀಸು ಮುಟ್ಟಬೇಕು. ಅಲ್ಲಿನ ಠಾಣೆಗೆ ಅಪ್ಪ ತಾವೇ ಫೋನ್ ಮಾಡಿದರು. ತಂದೆಯ ಹತ್ತಿರ ಮಗ ಇದ್ದರೆ ನಾವೇನು ಮಾಡಲಿ ಸಾರ್ ಎಂದರು ಅವರು.

"ಸ್ವಲ್ಪ ದಿವಸ ತಾಳು," ಎಂದು ಅಪ್ಪ ಅವಳಿಗೆ ಹೇಳಿದರು. "ಆದೇಶ ನಮ್ಮ ಕೈಯಲ್ಲುಂಟು. ಅವನು ಮಾಡಿದ್ದು ಕೋರ್ಟಿನ ನಿಂದನೆ ಆಗ್ತದೆ. ಮಗ ಬಂದೇ ಬರ್ತಾನೆ."

"ಯಾವಾಗ್ರೀ?"

ಅಪ್ಪ ಸುಳ್ಳು ಹೇಳಲಾರದವರು. "ಹೇಳ್ಲಿಕ್ಕೆ ಆಗುದಿಲ್ಲ," ಎಂದರು.

"ಕೂಸು ನನ್ನ ಬಿಟ್ಟು ಒಂದ್ ದಿನಾನೂ ಮಲಗಿಲ್ರಿ. ನಾ ಹೋಕ್ಕೀನಿ."

"ಹೋದರೆ ಅಲ್ಲಿ ಎಲ್ಲಿ ಇರ್ತೀ?"

"ಮತ್ತೆಲ್ಲಿ ಇರಾಕ ಆಕ್ಕೈತಿ? ಅವನ ಮನ್ಯಾಗ. ಹೆಂಡ್ತಿ ಅದೀನಲ್ರೀ."

ಹೋಗಬೇಡ ಎನ್ನಲು ಅಪ್ಪನ ಹತ್ತಿರ ಏನೂ ಉಳಿದಿರಲಿಲ್ಲ. ಅವಳನ್ನು ರೈಲಿಗೆ ಹತ್ತಿಸಲು ನಾನು ಹೋದೆ. ಚಾಲೈಯ ಗೆಳತಿಯೂ ಬಂದಿದ್ದಳು. ಹೊರಟವಳ ಸಾಮಾನೆಂದರೆ ಬಟ್ಟೆಯ ಒಂದು ಚೀಲ, ಮತ್ತು ನನ್ನ ಮಗಳು ಕೊಟ್ಟ ಬಣ್ಣದ ಪೆನ್ಸಿಲುಗಳ ಡಬ್ಬಿ. ಜನರಲ್ ಬೋಗಿಯ ನೂಕುನುಗ್ಗಲಿನಲ್ಲಿ ಬಾಗಿಲ ಹತ್ತಿರವೇ ನೆಲದ ಮೇಲೆ ಕೂತಳು. ರೈಲು ಹೊರಟಾಗ ಕೈಬೀಸಲಿಲ್ಲ, ನಾವು ಯಾರೆಂದೇ ಮರೆತವಳಂತೆ ಮುಂದಕ್ಕೆ ನೋಡುತ್ತಿದ್ದಳು.

ಎಷ್ಟೋ ದಿನಗಳ ಮೇಲೆ ನಿರ್ಮಾಪಕಿ ನನಗೆ ಫೋನ್ ಮಾಡಿದಳು. ಆ ಗಂಡ ಹೆಂಡತಿ ಮತ್ತೆ ಒಂದಾದರೆಂದು ಅವಳಿಗೆ ಹೇಗೋ ತಿಳಿದಿತ್ತು. ನಾನು ಅವಳಿಗೆ ಚೇಚ್ಚಿ, ಅಂದರೆ ಅಕ್ಕ. "ಚೇಚ್ಚಿ, ಸಾರ್‌ಗೆ ಹೇಳಿ. ನಮ್ಮ ಕಾರ್ಯಕ್ರಮಕ್ಕೆ ಬಂದದ್ದರಿಂದಲೇ ಅಲ್ಲವೇ ಪರೀಕ್ಷೆ ಆದದ್ದು, ಸಂಸಾರ ಕೂಡಿದ್ದು? ಒಂದು ಸ್ಪೆಷಲ್ ಮಾಡೋಣ. ಸಾರ್ ಬಂದು ಕೂತರೆ ಸಾಕು. ಆವತ್ತಿನ ಬೇಸರವೂ ಹೋಗುತ್ತದೆ." ಅವಳು ಮನಸ್ಸಿನಿಂದಲೇ ಹೇಳುತ್ತಿದ್ದಳು. ನಾನು ಅಪ್ಪನ ಕಡೆ ನೋಡಿದೆ. ಸ್ಪೀಕರಿನಲ್ಲಿ ಎಲ್ಲ ಕೇಳಿಸಿತ್ತು. ಅಪ್ಪ ಕೈಚಾಚಿ ಫೋನ್ ತೆಗೆದುಕೊಂಡು, "ಅಲ್ಲಿಗೆ ಕ್ಯಾಮೆರಾ ಕಳಿಸಬೇಡ ಮೋಳೇ. ನಾನು ನಿನ್ನಲ್ಲಿ ಬೇರೆ ಎಂತದೂ ಕೇಳುದಿಲ್ಲ," ಎಂದು, ಮಗಳನ್ನು ಕರೆದ ಹಾಗೆ ಕರೆದು, ಮಲಯಾಳ ಕನ್ನಡ ಬೆರೆಸಿ ಹೇಳಿ ಇಟ್ಟರು. ಕ್ಯಾಮೆರಾ ಹೋಗಲಿಲ್ಲ ಎಂದೇ ನಂಬಿದ್ದೇನೆ.

ಊರಿನಿಂದ ಅವಳು ಒಂದು ಸಲ ಕರೆ ಮಾಡಿದಳು. ಬೇರೆ ಯಾರದೋ ನಂಬರು. ಅಪ್ಪನೇ ಎತ್ತಿಕೊಂಡರು, ನಾನು ಪಕ್ಕದಲ್ಲಿ ಕಿವಿಗೊಟ್ಟೆ.

"ಹುಡುಗ ಹೇಗಿದ್ದಾನೆ?"

"ಸಾಲಿಗೆ ಹೊಂಟಾನ್ರಿ. ಮೈ ಕೈ ತುಂಬ್ಯಾನ."

"ನೀನು?"

ಹಿಂದೆ ಎಲ್ಲೋ ಕೋಳಿ ಕೂಗಿತು.

"ಅವನು ಕೈ ಮಾಡ್ತಾನಾ? ನಿಜ ಹೇಳು."

"ಸಾಹೇಬ್ರ, ಅದೂ..." ಎಂದಳು. ಅಷ್ಟರಲ್ಲಿ ಯಾರದೋ ಹೆಜ್ಜೆ, ವಯಸ್ಸಾದ ಹೆಂಗಸಿನ ದನಿ, ಯಾರ ಜೋಡಿ ಮಾತು ಎಂದು. ಅವಳ ದನಿ ಒಮ್ಮೆಲೇ ಎತ್ತರಕ್ಕೆ ಹೋಗಿ ಬೇರೆಯಾಯಿತು. "ಸಾಲಿ ಮಾಸ್ತರ್‍ರೀ ಅತ್ತಿ! ಹೂನ್ರಿ ಸರ್, ನಾಳಿ ಕಳಸ್ತೀನ್ರಿ, ತಪ್ಪಸಂಗಿಲ್ರಿ."

ಕರೆ ಕಡಿಯಿತು. ಅಪ್ಪ ಫೋನನ್ನು ಕಿವಿಯಿಂದ ತೆಗೆಯಲಿಲ್ಲ. ವಾಪಸು ಮಾಡಲೇ ಎಂದು ನಾನು ಕೇಳಿದೆ.

"ಬೇಡ," ಎಂದರು. "ಮಾಡಿದರೆ ಪೆಟ್ಟು ಅವಳಿಗೇ."

ಅವಳು ಮತ್ತೆ ಕರೆ ಮಾಡಿಲ್ಲ. ಮಗನನ್ನು ವಾಪಸು ಕೊಡಿಸಿ ಎಂದು ಕೋರ್ಟಿನಲ್ಲಿ ಹಾಕಿದ್ದ ನಮ್ಮ ಅರ್ಜಿ, ಅರ್ಜಿದಾರಳು ಹಾಜರಿಲ್ಲ ಎಂದು ವಜಾ ಆಯಿತು.